ಬಸುರಿಯಲ್ಲಿ ಮೂಗು ಕಟ್ಟಿದರೆ: ಮೊದಲು ಆ ಡ್ರಾಪ್ಸ್ ಬಿಡಿ

ಮೂಗು ಕಟ್ಟಿದೆ ಅಂತ ಬಸುರಿಯರು ಬರೆಯುವ ಪತ್ರ ನಿಲ್ಲುವುದೇ ಇಲ್ಲ. ಬಹಳಷ್ಟರಲ್ಲಿ ಕಥೆ ಒಂದೇ. ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಡ್ರಾಪ್ಸ್ ಕೊಟ್ಟರು, ಈಗ ಅದು ಇಲ್ಲದೆ ನಿದ್ದೆ ಇಲ್ಲ. ಇದನ್ನು ಓದಿ ಓದಿ ನನಗೆ ಸಿಟ್ಟು ಬರುತ್ತದೆ, ನಿಮ್ಮ ಮೇಲಲ್ಲ, ಚೀಟಿ ಕೇಳದೆ ಕೊಡುವವರ ಮೇಲೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಈ ಪ್ರಶ್ನೆಗೇ.

ಪ್ರಶ್ನೆ: ನನಗೀಗ ಏಳು ತಿಂಗಳು. ಎರಡು ತಿಂಗಳಿಂದ ಮೂಗು ಕಟ್ಟಿದೆ. ನೆಗಡಿ, ಜ್ವರ ಇಲ್ಲ. ಮೂರು ವಾರದಿಂದ ಡ್ರಾಪ್ಸ್ ಹಾಕುತ್ತಿದ್ದೇನೆ. ಮೊದಲು ರಾತ್ರಿ ಒಂದು ಸಲ ಸಾಕಿತ್ತು, ಈಗ ದಿನಕ್ಕೆ ನಾಲ್ಕು ಸಲ ಹಾಕಿದರೂ ಸಾಲದು. ಇನ್ನೂ ಜೋರಿನ ಡ್ರಾಪ್ಸ್ ಇದೆಯಾ? (ದಾವಣಗೆರೆ)

ಜೋರಿನದು ಬೇಡಮ್ಮ. ಈಗಿರುವುದನ್ನೇ ಬಿಡಬೇಕು.

ಬಸುರಿಯಲ್ಲಿ ಹಾರ್ಮೋನು ಏರುತ್ತದೆ, ಮೈಯಲ್ಲಿ ರಕ್ತವೂ ಹೆಚ್ಚುತ್ತದೆ. ಮೂಗಿನ ಒಳಪದರ ಊದಿಕೊಳ್ಳುತ್ತದೆ. ಸಿಂಬಳ ಇಲ್ಲದಿದ್ದರೂ ಮೂಗು ಕಟ್ಟುವುದು ಇದರಿಂದಲೇ. ಸುಮ್ನೆ ಮೂಗಿನಿಂದ ಜೋರಾಗಿ ಗಾಳಿ ಊದಬೇಡಿ, ಹೊರಗೆ ಬರಲು ಒಳಗೆ ಏನೂ ಇಲ್ಲ. ಹೆರಿಗೆಯಾಗಿ ಸಾಮಾನ್ಯವಾಗಿ ಎರಡು ವಾರದೊಳಗೆ ಇದು ತಾನೇ ಇಳಿಯುತ್ತದೆ. ಆಂಟಿಬಯೋಟಿಕ್‌ಗೆ ಇಲ್ಲಿ ಕೆಲಸವಿಲ್ಲ.

ನಿಮ್ಮ ಬಾಟಲಿಯ ಮೇಲೆ ಕ್ಸೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್ ಅಂತ ಇರಬೇಕು, ನೋಡಿ. ಇವು ರಕ್ತನಾಳಗಳನ್ನು ಹಿಂಡಿ ಕೆಲವೇ ನಿಮಿಷದಲ್ಲಿ ಮೂಗು ಬಿಡಿಸುತ್ತವೆ. ಪ್ರಭಾವ ಇಳಿದಾಗ ಆ ನಾಳಗಳು ಮೊದಲಿಗಿಂತ ಜಾಸ್ತಿ ಊದುತ್ತವೆ. ಮತ್ತೆ ಹಾಕುತ್ತೀರಿ, ಮತ್ತೆ ಊದುತ್ತದೆ. ಅದಕ್ಕೇ ಮೂರು ದಿನಕ್ಕಿಂತ ಹೆಚ್ಚು ಬೇಡ ಎನ್ನುವುದು. ಬಸುರಿಯರು ವೈದ್ಯರು ಹೇಳದೆ ಒಂದು ದಿನವೂ ಹಾಕಬಾರದು, ಬಿಪಿ ಇದ್ದವರು ಮುಟ್ಟಲೇಬಾರದು. ನಿಮ್ಮ ಮೂಗು ಈಗ ಅರ್ಧ ಬಸುರಿನಿಂದ ಕಟ್ಟಿದೆ, ಅರ್ಧ ಬಾಟಲಿಯಿಂದ. ಬಾಟಲಿಯದ್ದು ಖಂಡಿತ ವಾಸಿಯಾಗುತ್ತದೆ.

ಒಂದೇ ಸಲ ಬಿಡಲು ಆಗದಿದ್ದರೆ ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ. ಅದು ತೆರೆದ ಮೇಲೆ ಇನ್ನೊಂದಕ್ಕೆ. ಮೊದಲ ಕೆಲವು ರಾತ್ರಿ ಕಷ್ಟವಾಗುತ್ತದೆ. ತಡೆಯಲು ಆಗದಿದ್ದರೆ ವೈದ್ಯರ ಹತ್ತಿರ ಬುಡೆಸೊನೈಡ್ ಸ್ಪ್ರೇ ಬಗ್ಗೆ ಕೇಳಿ. ಸ್ಟೀರಾಯ್ಡ್ ಅನ್ನುವ ಹೆಸರಿಗೆ ಹೆದರಬೇಡಿ. ಬಸುರಿಯರಿಗೆ ಬಹಳ ಕಾಲದಿಂದ ಕೊಟ್ಟು ನೋಡಿರುವ ಮೂಗಿನ ಸ್ಪ್ರೇ ಅದು. ಆದರೆ ನೀವೇ ಕೊಳ್ಳಬೇಡಿ.

ದಿನವೂ ಮಾಡಬೇಕಾದದ್ದು ಉಪ್ಪುನೀರಿನ ತೊಳೆತ. ಅಂಗಡಿಯ ಸಲೈನ್ ಸ್ಪ್ರೇ ಆದರೂ ಸರಿ, ಬರೀ ಸಲೈನ್ ಅಂತ ಖಚಿತ ಮಾಡಿಕೊಳ್ಳಿ. ಮನೆಯಲ್ಲಾದರೆ ಕಾಲು ಲೀಟರ್ ನೀರು, ಟೀ ಚಮಚದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ, ಬೋರ್‌ವೆಲ್, ಫಿಲ್ಟರ್ ನೀರು ಹಾಗೇ ಬೇಡ. ಕೇರಳದಲ್ಲಿ ಮೆದುಳಿಗೆ ಹತ್ತುವ ಅಮೀಬಾದ ಸುದ್ದಿ ಕೇಳಿದ್ದೀರಿ ಅಲ್ವಾ? ಅದು ಮೆದುಳು ಸೇರುವುದು ಮೂಗಿನಿಂದ. ಕುಡಿದರೆ ಏನೂ ಮಾಡದ ನೀರೂ ಮೂಗಿಗೆ ಹೋದರೆ ಅಪಾಯವಾಗಬಹುದು. ಈ ಮಾತು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬೇಸಿನ್ ಮೇಲೆ ಬಗ್ಗಿ, ಬಾಯಿ ತೆರೆದು, ಮೆಲ್ಲಗೆ ಬಿಡಿ. ಉಳಿದ ನೀರು ಚೆಲ್ಲಿ, ಪಾತ್ರೆ ತೊಳೆದು ಒಣಗಿಸಿ.

ರಾತ್ರಿ ತಲೆ ಮಾತ್ರ ಅಲ್ಲ, ಬೆನ್ನಿನ ಮೇಲ್ಭಾಗವೂ ಏರುವಂತೆ ದಿಂಬು ಇಟ್ಟು ಮಗ್ಗುಲಾಗಿ ಮಲಗಿ. ಸಂಜೆ ನಡೆದಾಡಿದರೆ ಮೂಗು ಸ್ವಲ್ಪ ಹೊತ್ತು ತೆರೆದುಕೊಳ್ಳುತ್ತದೆ.

ಇನ್ನೊಂದು ಮಾತು. ಮೊದಲಿಲ್ಲದ ಗೊರಕೆ ಈಗ ಶುರುವಾಗಿದೆಯಾ ಅಂತ ಮನೆಯವರನ್ನು ಕೇಳಿ. ಹೌದಾದರೆ ಹೆರಿಗೆ ಡಾಕ್ಟರಿಗೆ ಹೇಳಲೇಬೇಕು. ಬಸುರಿಯಲ್ಲಿ ಹೊಸದಾಗಿ ಬಂದ ಗೊರಕೆಗೂ ಬಿಪಿ ಏರುವುದಕ್ಕೂ ನಂಟಿದೆ. ಮುಖ ಊದುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಬೆಳಗಾಗುವವರೆಗೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹಬೆಗೆ ಕರ್ಪೂರ ಹಾಕಬಹುದಾ? ಮೂಗಿನೊಳಗೆ ಬಾಮ್ ಸವರಬಹುದಾ?

ಎರಡೂ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಮಾಸು ದಾಟಿ ಮಗುವಿಗೂ ತಲುಪುತ್ತದೆ. ಬಾಮ್‌ನ ಮೆಂಥಾಲ್ ತಂಪೆನಿಸುತ್ತದೆ, ಮೂಗಿನ ದಾರಿಯನ್ನು ಅಗಲ ಮಾಡುವುದಿಲ್ಲ. ಬರೀ ಹಬೆ ಸಾಕು, ಕುದಿಯುವ ಪಾತ್ರೆ ಹೊಟ್ಟೆಯ ಹತ್ತಿರ ಇಡಬೇಡಿ.

ಪ್ರಶ್ನೆ: ಒಂದು ನೆಗಡಿ ಮಾತ್ರೆ ನುಂಗಿದರೆ ಏನಾಗುತ್ತದೆ?

ಅದರಲ್ಲಿ ಮೂರ್ನಾಲ್ಕು ಔಷಧಿ ಬೆರೆತಿರುತ್ತವೆ, ಬಹಳಷ್ಟರಲ್ಲಿ ಫೆನೈಲೆಫ್ರಿನ್. ಮಾತ್ರೆಯಾಗಿ ನುಂಗಿದರೆ ಅದು ಮೂಗು ಬಿಡಿಸುವುದಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಕರ ತಜ್ಞ ಸಮಿತಿಯೇ 2023ರಲ್ಲಿ ಹೇಳಿದೆ. ಕೆಲಸಕ್ಕೆ ಬಾರದ್ದನ್ನು ಬಸುರಿಯಲ್ಲಿ ಯಾಕೆ ನುಂಗಬೇಕು?

ಪ್ರಶ್ನೆ: ಅತ್ತೆ ಮೂಗಿಗೆ ಹರಳೆಣ್ಣೆ ಬಿಡು, ಅತಿಮಧುರದ ಕಷಾಯ ಕುಡಿ ಅನ್ನುತ್ತಾರೆ.

ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು, ಬೇಡ. ಅತಿಮಧುರ ಬಿಪಿ ಏರಿಸುತ್ತದೆ, ಅದೂ ಬೇಡ. ಅಡುಗೆಯಲ್ಲಿ ಹಾಕುವಷ್ಟು ಶುಂಠಿ, ಮೆಣಸಿನ ಬಿಸಿ ಸಾರು ಧಾರಾಳವಾಗಿ ಕುಡಿಯಿರಿ. ಅತ್ತೆಯವರಿಗೆ ಇದನ್ನು ಓದಿ ಹೇಳಿ, ಅವರು ಕಾಳಜಿಯಿಂದಲೇ ಹೇಳಿದ್ದಾರೆ.

ಪ್ರಶ್ನೆ: ವಿಡಿಯೋದಲ್ಲಿ ಒಬ್ಬರು ಮಾರುವ ನಶ್ಯದ ಪುಡಿ ಗರ್ಭಿಣಿಯರಿಗೂ ಸೇಫ್ ಅಂತಾರೆ.

ಒಳಗೆ ಏನಿದೆ ಅಂತ ಬರೆಯದ ಪುಡಿಯನ್ನು ಬಸುರಿಗೆ ಮಾರುವವರು ವೈದ್ಯರಲ್ಲ. ಎಸೆಯಿರಿ.

ಪ್ರಶ್ನೆ: ನಾನು ಬಾಯಿಂದ ಉಸಿರಾಡಿದರೆ ಮಗುವಿಗೆ ಗಾಳಿ ಸಾಲುತ್ತದಾ?

ಸಾಲುತ್ತದೆ.

ಪ್ರಶ್ನೆ: ಮೂಗು ಕಟ್ಟಿದರೆ ಗಂಡು ಮಗುವಂತೆ, ನಿಜವಾ?

ಸುಳ್ಳು. ಇಂಥ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ.

ಪ್ರಶ್ನೆ: ಆಗಾಗ ಮೂಗಿನಿಂದ ರಕ್ತ ಬರುತ್ತದೆ. ತಲೆ ಹಿಂದಕ್ಕೆ ಬಾಗಿಸಬೇಕಾ?

ಬೇಡ, ರಕ್ತ ಗಂಟಲಿಗೆ ಇಳಿಯುತ್ತದೆ. ಕುಳಿತು ಸ್ವಲ್ಪ ಮುಂದಕ್ಕೆ ಬಗ್ಗಿ, ಮೂಗಿನ ಮೆತ್ತನೆ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಬಿಟ್ಟು ನೋಡಬೇಡಿ. ಆಮೇಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ, ಆಗಾಗ ಬರುತ್ತಿದ್ದರೆ ಮುಂದಿನ ಚೆಕಪ್‌ನಲ್ಲಿ ಬಿಪಿ ಜೊತೆ ಇದನ್ನೂ ಹೇಳಿ.