ಕುರ್ಚಿ ಕುಟ್ಟಿ ನೋಡುವ ಹುಡುಗ ಮತ್ತು ಇತರ ಪ್ರಶ್ನೆಗಳು

ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟಗಳ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ನಿಯಮಗಳ ಬಗ್ಗೆ ಇರಬಹುದೆಂದು ಎಣಿಸಿದ್ದೆ. ಬಂದವುಗಳಲ್ಲಿ ಬಹುಪಾಲು ನಗುವಿನ ಬಗ್ಗೆಯೇ ಇವೆ. ಆದ್ದರಿಂದ ಈ ಸಂಚಿಕೆಯ ಪುಟವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಮತ್ತು ಅವನ ನಾಲ್ವರು ಗೆಳೆಯರು ಪ್ರತಿ ಭಾನುವಾರ ನಮ್ಮ ಊಟದ ಮೇಜಿನ ಸುತ್ತ ಕುಳಿತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಆಡುತ್ತಾರೆ. ಅವರಲ್ಲೊಬ್ಬ ಹುಡುಗ ಕೂರುವ ಮೊದಲು ಕುರ್ಚಿಯನ್ನು ಬೆರಳಿನಿಂದ ಎರಡು ಸಲ ಕುಟ್ಟಿ ನೋಡುತ್ತಾನೆ. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಎಂಟು ತಿಂಗಳಿಂದ ಇದೇ ನಡೆಯುತ್ತಿದೆ. ಕಾರಣ ಕೇಳಿದರೆ ಮಗ, “ಅಮ್ಮಾ, ಹೇಳಿದ್ರೆ ನಿಂಗೆ ಅರ್ಥ ಆಗಲ್ಲ” ಎನ್ನುತ್ತಾನೆ. ಅದು ಅಷ್ಟು ಕಷ್ಟದ ವಿಷಯವೇ?
(ಒಬ್ಬ ತಾಯಿ, ಉಡುಪಿ)

ಉತ್ತರ: ಅರ್ಥವಾಗುತ್ತದೆ, ಆದರೆ ಅವರಷ್ಟು ನಗು ಬರಲಿಕ್ಕಿಲ್ಲ. ನೀವು ಉಡುಪಿಯವರಾದ್ದರಿಂದ ತಾಳಮದ್ದಳೆ ಕೇಳಿಯೇ ಇರುತ್ತೀರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಒಬ್ಬರು ಕರ್ಣನಾಗಿ ಇನ್ನೊಬ್ಬರು ಶಲ್ಯನಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಕ್ಕೆ ಇಳಿಯುವಂತೆ, ಈ ಹುಡುಗರೂ ಯೋಧ, ಮಾಂತ್ರಿಕ, ಕಳ್ಳ ಎಂದು ಪಾತ್ರ ಹಂಚಿಕೊಂಡು ಮಾತನಾಡುತ್ತಾರೆ. ಡಂಜನ್ ಮಾಸ್ಟರ್, ಅವರ ಬಾಯಲ್ಲಿ ಡಿಎಂ, ಎದುರಿಗೆ ಏನು ಕಾಣುತ್ತಿದೆ ಎಂದು ವರ್ಣಿಸುತ್ತಾ ಕಥೆಯನ್ನು ನಡೆಸುತ್ತಾನೆ. ತಾಳಮದ್ದಳೆಯ ಪ್ರಸಂಗ ಎಲ್ಲಿಗೆ ಮುಗಿಯುತ್ತದೆಂದು ಕೇಳುವವರಿಗೆಲ್ಲ ಗೊತ್ತು. ಇಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ, ಏಕೆಂದರೆ ಕತ್ತಿಯ ಏಟು ತಗುಲಿತೋ ತಪ್ಪಿತೋ ಎಂಬುದನ್ನು 20 ಮುಖದ ದಾಳ ತೀರ್ಮಾನಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಅವರು ಡೇವ್ ಆರ್ನೆಸನ್ ಅವರೊಂದಿಗೆ ಸೇರಿ 1974ರಲ್ಲಿ ಈ ಆಟವನ್ನು ಹೊರತಂದಾಗ ಮೊದಲು ಅಚ್ಚಾದದ್ದು 1000 ಪ್ರತಿ ಮಾತ್ರ.

ಇನ್ನು ಕುರ್ಚಿಯ ವಿಷಯ. ಈ ಆಟದಲ್ಲಿ ಮಿಮಿಕ್ ಎಂಬ ಜೀವಿಯೊಂದಿದೆ. 1977ರಲ್ಲಿ ಬಂದ ರಾಕ್ಷಸ ಪ್ರಾಣಿಗಳ ಕೈಪಿಡಿಯಲ್ಲಿಯೇ ಅದು ಸೇರಿತ್ತು. ಮರದ ಪೆಟ್ಟಿಗೆಯಂತೆ, ಬಾಗಿಲಿನಂತೆ ರೂಪ ತಾಳಿ ಸುಮ್ಮನೆ ಕುಳಿತಿರುತ್ತದೆ; ಯಾರಾದರೂ ಮುಟ್ಟಿದೊಡನೆ ಅಂಟಿನಂತೆ ಹಿಡಿದುಕೊಂಡು ಬಾಯಿ ತೆರೆಯುತ್ತದೆ. ಎಂಟು ತಿಂಗಳ ಹಿಂದೆ ಆ ಹುಡುಗನ ಪಾತ್ರ ಯಾವುದೋ ಪಾಳು ಕೋಟೆಯಲ್ಲಿ ದಣಿದು ಕುರ್ಚಿಯೊಂದರ ಮೇಲೆ ಕುಳಿತಿರಬೇಕು, ಕುರ್ಚಿ ಕಚ್ಚಿರಬೇಕು. ಮುಂದಿನ ಭಾನುವಾರ ಕಾಫಿ ಕೊಡುವಾಗ ಲೋಟವನ್ನು ಒಮ್ಮೆ ಬೆರಳಿನಿಂದ ಕುಟ್ಟಿ, ಏನೂ ಹೇಳದೆ ಮೇಜಿನ ಮೇಲಿಟ್ಟು ಒಳಗೆ ಹೋಗಿಬಿಡಿ.

ಪ್ರಶ್ನೆ: ಮೂರು ವರ್ಷದಿಂದ ಆಡುತ್ತಿರುವ ತಂಡವೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಯಾರಾದರೂ “ಗಜೀಬೊ” ಎಂದರೆ ಸಾಕು, ಆಟ ಐದು ನಿಮಿಷ ನಿಲ್ಲುತ್ತದೆ. ಕೇಳಲು ಸಂಕೋಚವಾಗಿ ನಾನೂ ನಗುತ್ತೇನೆ. ಇದು ಅವರ ತಂಡದ ಜೋಕೇ ಅಥವಾ ನಾನು ತಿಳಿದಿರಬೇಕಾದದ್ದೇ?
(ಹೊಸ ಆಟಗಾರ್ತಿ, ಬೆಂಗಳೂರು)

ಉತ್ತರ: ಅದು ಅವರದಲ್ಲ, ಈ ಆಟವಾಡುವ ಎಲ್ಲರ ಆಸ್ತಿ. 1980ರ ದಶಕದಲ್ಲಿ ರಿಚರ್ಡ್ ಆರನ್‌ಸನ್ ಎಂಬವರು ಬರೆದಿಟ್ಟ ಪ್ರಸಂಗವಿದು. ಗಜೀಬೊ ಎಂದರೆ ತೋಟದ ನಡುವೆ ಕುಳಿತುಕೊಳ್ಳಲು ಕಟ್ಟಿದ ಮಂಟಪ; ನಿಮ್ಮೂರಿನ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡನ್ನು ಚಿಕ್ಕದಾಗಿಸಿ ಕಲ್ಪಿಸಿಕೊಂಡರೆ ಸಾಕು. ಎರಿಕ್ ಎಂಬ ಆಟಗಾರನಿಗೆ ಆ ಪದ ಗೊತ್ತಿರಲಿಲ್ಲ. ತೋಟದ ದಿಬ್ಬದ ಮೇಲೆ ಗಜೀಬೊ ಇದೆ ಎಂದು ಆಟ ನಡೆಸುವವರು ಹೇಳಿದಾಗ ಅವನು ಅದರ ಬಣ್ಣ ಕೇಳಿದ, ಬಿಳಿ ಎಂದರು. ದೂರ ಕೇಳಿದ, ಗಾತ್ರ ಕೇಳಿದ, ಅದಕ್ಕೂ ಉತ್ತರ ಬಂತು. ಒಳ್ಳೆಯದೋ ಕೆಟ್ಟದ್ದೋ ಎಂದು ಕತ್ತಿಯ ಶಕ್ತಿಯಿಂದ ಪರೀಕ್ಷಿಸಿದ, ಕೂಗಿ ಕರೆದ, ಅದು ಓಗೊಡಲಿಲ್ಲ. ಕೊನೆಗೆ ಬಾಣ ಬಿಟ್ಟ. ಬಾಣ ನೆಟ್ಟ ಗಜೀಬೊ ನಿಂತಲ್ಲಿಯೇ ನಿಂತಿತ್ತು. ಗಾಯವೂ ಆಗದ ಈ ಪ್ರಾಣಿ ಎಂಥದಿರಬೇಕೆಂದು ಹೆದರಿ ಅವನು ಓಡತೊಡಗಿದಾಗ, ಅಷ್ಟು ಹೊತ್ತಿಗೆ ತಾಳ್ಮೆ ಕಳೆದುಕೊಂಡಿದ್ದ ಆಟದ ಯಜಮಾನರು ಗಜೀಬೊ ಎಚ್ಚೆತ್ತು ಅವನನ್ನು ಹಿಡಿದು ತಿಂದಿತೆಂದು ಸಾರಿಬಿಟ್ಟರು.

ಈ ಕಥೆ ಹೇಳುವವರೆಲ್ಲ ಎರಿಕ್‌ನನ್ನು ನೋಡಿ ನಗುತ್ತಾರೆ. ನನ್ನ ದೃಷ್ಟಿಯಲ್ಲಿ ತಪ್ಪು ಎದುರು ಕುಳಿತವರದು. ಇಷ್ಟೆಲ್ಲ ಪ್ರಶ್ನೆ ಬಂದರೂ “ಅದೊಂದು ಕಟ್ಟಡ ಮಾರಾಯ” ಎನ್ನಲು ಅವರಿಗೆ ಹೊಳೆಯಲಿಲ್ಲ. ಡಿಎಂ ಕಂಡದ್ದನ್ನು ಆಟಗಾರರು ಕಾಣುವುದು ಅವನ ಮಾತಿನ ಮೂಲಕ ಮಾತ್ರ, ಮಾತು ತಲುಪದಿದ್ದರೆ ಮಂಟಪವೂ ರಾಕ್ಷಸನಾಗುತ್ತದೆ. 2001ರಲ್ಲಿ ಬಂದ ಮಂಚ್‌ಕಿನ್ ಎಂಬ ಇಸ್ಪೀಟಿನಂಥ ಆಟದಲ್ಲಿ ಗಜೀಬೊ ರಾಕ್ಷಸನಾಗಿಯೇ ಸೇರಿಕೊಂಡಿದೆ. ಅದನ್ನು ಯಾರ ನೆರವನ್ನೂ ಪಡೆಯದೆ ಒಬ್ಬಂಟಿಯಾಗಿ ಎದುರಿಸಬೇಕೆಂಬುದು ಅಲ್ಲಿನ ನಿಯಮ. ಇನ್ನು ಅರ್ಥವಾಗದೆ ನಗುವ ಅಭ್ಯಾಸವನ್ನು ದಯವಿಟ್ಟು ಬಿಡಿ. “ನಂಗೆ ಗೊತ್ತಿಲ್ಲ, ಹೇಳಿ” ಎಂದರೆ ಆ ತಂಡಕ್ಕೆ ಹಬ್ಬ. ಹಳೆಯ ಜೋಕನ್ನು ಮೊದಲಿನಿಂದ ಹೇಳುವ ಅವಕಾಶ ಅವರಿಗೆ ಎಷ್ಟು ದಿನಗಳಿಂದ ಸಿಕ್ಕಿಲ್ಲವೋ!

ಪ್ರಶ್ನೆ: ನಾನು ಡಿಎಂ. ಎರಡು ವರ್ಷದ ಹಿಂದೆ ಆಟಗಾರರು ತಾವು ಸೆರೆ ಹಿಡಿದ ಗಾಬ್ಲಿನ್ (ಕುಳ್ಳ ರಾಕ್ಷಸ) ಒಬ್ಬನ ಹೆಸರು ಕೇಳಿದರು. ಸಿದ್ಧತೆ ಇರಲಿಲ್ಲ. ಮೇಜಿನ ಮೇಲೆ ತಟ್ಟೆಯಲ್ಲಿ ಕೋಡುಬಳೆ ಇತ್ತು. ಬಾಯಿಂದ “ಕೋಡುಬಳೆ” ಎಂದೇ ಬಂದುಬಿಟ್ಟಿತು. ಈಗ ನಾನು ಎಷ್ಟು ಗಂಭೀರವಾದ ರಾಜನನ್ನು ತಂದರೂ “ಇವರು ನಿಪ್ಪಟ್ಟಿನ ವಂಶದವರೇ?” ಎಂಬ ಪ್ರಶ್ನೆ ಏಳುತ್ತದೆ. ಮೂರು ವಾರ ಕುಳಿತು ಬರೆದ ಶವಯಾತ್ರೆಯ ದೃಶ್ಯ ಕಳೆದ ತಿಂಗಳು ಇದರಿಂದ ಹಾಳಾಯಿತು. ಈ ಜೋಕನ್ನು ನಿಲ್ಲಿಸುವುದು ಹೇಗೆ?
(ಮೈಸೂರು)

ಉತ್ತರ: ಆಜ್ಞೆ ಮಾಡಿ ನಿಲ್ಲಿಸಲಾಗದು, ಬೇಡವೆಂದಷ್ಟೂ ಅದು ಚಿಗುರುತ್ತದೆ. ನಿಮಗೆ ಸಮಾಧಾನವಾಗಲೆಂದು ಈ ಆಟದ ತವರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಗೈಗ್ಯಾಕ್ಸ್ ಅವರ ಮಗ ಲ್ಯೂಕ್ ಆಡುತ್ತಿದ್ದ ಪಾತ್ರದ ಹಾಳೆಯಲ್ಲಿ ಗಂಡು ಎಂಬುದಕ್ಕೆ “ಎಂ” ಎಂಬ ಒಂದಕ್ಷರವೂ ಕುಲದ ಜಾಗದಲ್ಲಿ “ಎಲ್ಫ್” ಎಂಬ ಪದವೂ ಇದ್ದವು. ಎರಡನ್ನೂ ಕೂಡಿಸಿ ಓದಿದರೆ “ಮೆಲ್ಫ್” ಆಯಿತು, ಅದೇ ಹೆಸರಾಯಿತು. ಇನ್ನೊಬ್ಬ ಮಗ ಅರ್ನೆಸ್ಟ್‌ನ ಮಾಂತ್ರಿಕ ಟೆನ್ಸರ್. ಇಂಗ್ಲಿಷಿನಲ್ಲಿ ಅರ್ನೆಸ್ಟ್ ಎಂಬುದರ ಅಕ್ಷರಗಳನ್ನೇ ಕಲಸಿ ಮಾಡಿದ ಹೆಸರದು. ಗೈಗ್ಯಾಕ್ಸ್ ಅವರೊಂದಿಗೆ ಆಡುತ್ತಿದ್ದ ಜಿಮ್ ವಾರ್ಡ್ ಅವರ ಹೆಸರನ್ನು ಹಿಂದುಮುಂದಾಗಿ ಬರೆದದ್ದೇ ಡ್ರಾಮಿಜ್. ಊಟದ ಮೇಜಿನ ಮಟ್ಟದ ಈ ತಮಾಷೆಗಳು ಮಂತ್ರಗಳ ಹೆಸರಾಗಿ ಪುಸ್ತಕ ಸೇರಿದವು. ಮೆಲ್ಫ್‌ನ ಆಮ್ಲದ ಬಾಣವನ್ನೂ ಟೆನ್ಸರ್‌ನ ತೇಲುವ ತಟ್ಟೆಯನ್ನೂ ಇಂದಿಗೂ ಆಟಗಾರರು ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಪ್ರಯೋಗಿಸುತ್ತಾರೆ. ಆಟದ ಅತಿ ಭಯಂಕರ ಖಳರಲ್ಲೊಬ್ಬನಾದ ವೆಕ್ನ ಕೂಡ ವ್ಯಾನ್ಸ್ ಎಂಬ ಲೇಖಕರ ಹೆಸರಿನ ಅಕ್ಷರಪಲ್ಲಟ. ಕೋಡುಬಳೆಗೆ ಏನು ಕಡಿಮೆ?

ಆ ವೆಕ್ನನ ಕೈ ಮತ್ತು ಕಣ್ಣು ಮಹಾಶಕ್ತಿಯ ವಸ್ತುಗಳು. ಬಳಸಬೇಕಾದವನು ತನ್ನ ಕೈಯನ್ನು ಕಡಿದು, ತನ್ನ ಕಣ್ಣನ್ನು ಕಿತ್ತು ಆ ಜಾಗದಲ್ಲಿ ವೆಕ್ನನದನ್ನು ಇಟ್ಟುಕೊಳ್ಳಬೇಕು. ಇದನ್ನು ಬಲ್ಲ ಒಂದು ತಂಡದವರು, ಅದೇ ಲೋಕದಲ್ಲಿ ಆಡುತ್ತಿದ್ದ ಎದುರಾಳಿ ತಂಡದ ಕಿವಿಗೆ ವೆಕ್ನನ ತಲೆಯೂ ಇದೆಯೆಂಬ ಗಾಳಿಸುದ್ದಿ ಹಾಕಿದರು, ಯಾವುದೋ ತಲೆಯೊಂದನ್ನು ಹೂತಿಟ್ಟರು. ಎದುರಾಳಿಗಳು ಅದನ್ನು ಹುಡುಕಿ ತೆಗೆದು, ತಲೆ ಕಡಿಸಿಕೊಳ್ಳುವ ಭಾಗ್ಯ ಯಾರಿಗೆ ಎಂದು ತಮ್ಮತಮ್ಮೊಳಗೆ ಜಗಳವಾಡಿದರಂತೆ. ಆಮೇಲೆ ಏನಾಗಿರಬಹುದೆಂದು ನೀವೇ ಊಹಿಸಬಲ್ಲಿರಿ. ಈ ಜೋಕು ದಶಕಗಳ ಕಾಲ ಉಳಿದದ್ದಕ್ಕೆ ಕಾರಣ ಅದಕ್ಕೆ ಆಟದೊಳಗೆ ಬೆಲೆ ತೆರಬೇಕಾಯಿತು ಎಂಬುದು. ನಿಮ್ಮ ಮೇಜಿನಲ್ಲಿ ಕೋಡುಬಳೆಗೆ ಇಂದಿನವರೆಗೆ ಏನೂ ಆಗಿಲ್ಲ. ಹೆಸರು ಹೇಳುತ್ತಾರೆ, ನಗುತ್ತಾರೆ, ಅಷ್ಟೇ. ಅವನನ್ನು ಮರಳಿ ಕರೆತನ್ನಿ. ಎರಡು ವರ್ಷದಲ್ಲಿ ಅವನು ಬೆಳೆದಿರಲಿ. ತನ್ನನ್ನು ಕೊಲ್ಲದೆ ಬಿಟ್ಟವರ ಋಣ ತೀರಿಸಲು ಬಂದು, ಆ ನಿಪ್ಪಟ್ಟಿನ ವಂಶದ ರಾಜನ ಎದುರು ಇವರ ಪರವಾಗಿ ನಿಲ್ಲಲಿ. ಅವನಿಗೆ ಪೆಟ್ಟು ಬಿದ್ದ ದಿನ ನಿಮ್ಮ ಮೇಜಿನಲ್ಲಿ ಯಾರೂ ನಗುವುದಿಲ್ಲ ಎಂದು ಪಂದ್ಯ ಕಟ್ಟಲು ನಾನು ಸಿದ್ಧ. ಶವಯಾತ್ರೆಯ ದೃಶ್ಯದ ಬಗ್ಗೆ ಮಾತ್ರ ಒಂದು ಮಾತು: ಮೂರು ವಾರ ಬರೆದದ್ದನ್ನು ಡಿಎಂ ಓದಿ ಹೇಳತೊಡಗಿದರೆ ಕೋಡುಬಳೆ ಇಲ್ಲದಿದ್ದರೂ ಆಟಗಾರರು ಬೇರೆ ಏನನ್ನಾದರೂ ಹುಡುಕಿಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಗೆಳೆಯನೊಬ್ಬ ದಾಳ ಹಾಕಿದಾಗಲೆಲ್ಲ 1 ಬೀಳುತ್ತದೆ. ಅವನಿಗೆ “ಒಂದಪ್ಪ” ಎಂದು ಹೆಸರಿಟ್ಟಿದ್ದೇವೆ. ಮೊದಲು ಅವನೂ ನಗುತ್ತಿದ್ದ. ಈಚೆಗೆ ಎರಡು ವಾರದಿಂದ ಆಟಕ್ಕೇ ಬಂದಿಲ್ಲ. ಕೆಲಸವಿದೆ ಎನ್ನುತ್ತಾನೆ.
(ಹುಬ್ಬಳ್ಳಿ)

ಉತ್ತರ: ಕೆಲಸ ಇದ್ದರೂ ಇರಬಹುದು. ಆದರೂ ಲೆಕ್ಕ ನೋಡೋಣ. 20 ಮುಖದ ದಾಳದಲ್ಲಿ 1 ಬೀಳುವ ಸಂಭವ 20ಕ್ಕೆ ಒಂದು. ಒಂದು ಸಂಜೆಯಲ್ಲಿ ಒಬ್ಬ 30 ಸಲ ದಾಳ ಹಾಕಿದರೆ ಕನಿಷ್ಠ ಒಂದು ಸಲವಾದರೂ 1 ಬೀಳುವ ಸಂಭವ ನೂರಕ್ಕೆ 78ರಷ್ಟು. ಅಂದರೆ ನಿಮ್ಮಲ್ಲಿ ಬಹುತೇಕ ಎಲ್ಲರಿಗೂ ಬಹುತೇಕ ಪ್ರತಿ ವಾರ 1 ಬೀಳುತ್ತಲೇ ಇದೆ. ಹೆಸರಿಟ್ಟದ್ದರಿಂದ ಅವನದು ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತಿದೆ. ಇನ್ನೊಂದು ವಿಷಯ: 1 ಬಿದ್ದಾಗ ಕತ್ತಿ ಜಾರಿ ತನ್ನ ಕಾಲಿನ ಮೇಲೆಯೇ ಬೀಳುವಂಥ ಶಿಕ್ಷೆಗಳನ್ನು ನಿಮ್ಮ ತಂಡ ಇಟ್ಟುಕೊಂಡಿದ್ದರೆ, 2014ರ ಐದನೆಯ ಆವೃತ್ತಿಯ ನಿಯಮದಲ್ಲಿ ಅದಿಲ್ಲ, ಏಟು ತಪ್ಪುತ್ತದೆ, ಅಷ್ಟೇ. ಹೊಡೆತದ ಮೇಲೆ ಅವಮಾನವನ್ನು ಸೇರಿಸಿದವರು ನೀವು.

ಪಾತ್ರವನ್ನು ನೋಡಿ ನಗುವುದಕ್ಕೂ ಆಡುವವನನ್ನು ನೋಡಿ ನಗುವುದಕ್ಕೂ ನಡುವಿನ ಗೆರೆ ತೆಳ್ಳಗಿದೆ, ಆದರೆ ದಾಟಿದ್ದು ದಾಟಿದವನ ಹೊರತು ಎಲ್ಲರಿಗೂ ಕಾಣುತ್ತದೆ. ನಮ್ಮ ಮೇಜಿನಲ್ಲಿ ಬೈಗುಳವೆಲ್ಲ ದಾಳಕ್ಕೆ. ಖಾಲಿಯಾದ ಇಂಗಿನ ಡಬ್ಬಿಯೊಂದು ದಾಳಗಳ ಜೈಲು; ಸತತ ಎರಡು ಸಲ 1 ತೋರಿಸಿದ ದಾಳಕ್ಕೆ ಅಂದಿನ ಆಟ ಮುಗಿಯುವವರೆಗೆ ಸೆರೆವಾಸ. ಬಿಡುಗಡೆಯಾಗಿ ಬಂದ ದಾಳದಿಂದ ಇಂಗಿನ ವಾಸನೆ ಬರುತ್ತಿರುತ್ತದೆ. ಅದನ್ನು ಮೂಸಿಯೇ “ಇದು ಹಳೇ ಖೈದಿ” ಎಂದು ಗುರುತಿಸುತ್ತೇವೆ. ನಿಮ್ಮ ಗೆಳೆಯನಿಗೆ ನೀವೇ ಫೋನ್ ಮಾಡಿ, ಅವನ ಪಾತ್ರದ ಹೆಸರು ಹಿಡಿದು ಕರೆಯಿರಿ.

ಪ್ರಶ್ನೆ: ಇಂಥ ಜೋಕುಗಳನ್ನು ಬರೆದಿಡಬೇಕೇ?
(ಶಿವಮೊಗ್ಗ)

ಉತ್ತರ: ಬರೆದಿಡಿ, ಆದರೆ ಜೋಕಿನ ಮಾತನ್ನಷ್ಟೇ ಬರೆದರೆ ಐದು ವರ್ಷದ ನಂತರ ನಿಮಗೇ ಅದು ಒಗಟಾಗಿ ಕಾಣುತ್ತದೆ. ನನ್ನ ಹಳೆಯ ಪುಸ್ತಕದ ಒಂದು ಪುಟದಲ್ಲಿ “ಮೇಕೆಗೆ ಗೊತ್ತಿತ್ತು” ಎಂದು ದಪ್ಪಕ್ಷರದಲ್ಲಿ ಬರೆದು ಎರಡು ಗೆರೆ ಎಳೆದಿದ್ದೇನೆ. ಯಾವ ಮೇಕೆ, ಅದಕ್ಕೆ ಏನು ಗೊತ್ತಿತ್ತು ಎಂಬುದು ನಮ್ಮ ಐವರಲ್ಲಿ ಒಬ್ಬರಿಗೂ ಈಗ ನೆನಪಿಲ್ಲ. ಯಾರು, ಎಲ್ಲಿ, ದಾಳದಲ್ಲಿ ಎಷ್ಟು ಬಿದ್ದಾಗ ಹೇಳಿದರು ಎಂಬುದನ್ನು ಪಕ್ಕದಲ್ಲಿ ಒಂದು ಸಾಲು ಸೇರಿಸಿ. ಮೇಕೆಯ ವಿಷಯ ಬಂದಾಗ ನಾವು ಈಗಲೂ ನಗುತ್ತೇವೆ, ಆದರೆ ಅದು ಬೇರೆ ನಗು.