ಕಂಬಳಿ ಹಂಚಿದ ಮೇಲೆ ಮುಂದೇನು?

ಪ್ರಶ್ನೆ: ನಮ್ಮದು ಹುಮನಾಬಾದ್ ತಾಲ್ಲೂಕಿನ ಒಂದು ಚರ್ಚಿನ ಯುವಜನ ಕೂಟ. ಪ್ರತಿ ಕ್ರಿಸ್‌ಮಸ್‌ಗೆ ಕಂಬಳಿ, ಅಕ್ಕಿ ಹಂಚುತ್ತೇವೆ. ಈ ಸಲ ಒಬ್ಬ ಅಜ್ಜಿ, ‘ಕಂಬಳಿ ಇರ‍್ಲಿ, ನನ್ನ ಪಗಾರ ಯಾಕ ನಿಂತದ ನೋಡ್ರಿ’ ಅಂದರು. ಸಾಮಾಜಿಕ ನ್ಯಾಯದ ಕೆಲಸ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ ಅಜ್ಜಿಯಿಂದಲೇ. ಅವರು ಪಗಾರ ಅಂದದ್ದು ಪಿಂಚಣಿಯನ್ನು. ವೃದ್ಧರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳಿಗೆ 1,200 ರೂಪಾಯಿ ಆರು ತಿಂಗಳು ನಿಂತರೆ 7,200 ಆಯಿತು; ಯಾವ ಕಂಬಳಿಯೂ ಅದನ್ನು ತುಂಬದು. ಮನೆ, ರೇಷನ್, ಕೂಲಿ ಎಂದು ಎಲ್ಲಕ್ಕೂ ಕೈ ಹಾಕಬೇಡಿ. ನಿಂತ ಪಿಂಚಣಿಯೊಂದನ್ನೇ ಹಿಡಿಯಿರಿ. ಮೊದಲ ಸುತ್ತಿಗೆ ಹತ್ತು ಮಂದಿಯದು ಸಾಕು. ಒಂದು ಮನೆಗೆ ಇಬ್ಬರು ಹೋಗಿ, ಒಬ್ಬರಾದರೂ ಹೆಣ್ಣುಮಕ್ಕಳಿರಲಿ. ಮಂಜೂರಾತಿ ಆದೇಶದ ಸಂಖ್ಯೆ, ಕೊನೆಗೆ ಹಣ ಬಂದ ತಿಂಗಳು, ಬ್ಯಾಂಕಿನ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಧಾರ್‌ನ ಕೊನೆಯ ನಾಲ್ಕು ಅಂಕಿ ಸಾಕು. ಕಾರ್ಡಿನ ಫೋಟೊ ವಾಟ್ಸ್‌ಆಪ್ ಗುಂಪಿಗೆ ಹೋಗಕೂಡದು.

ನಾಡಕಚೇರಿಗೆ ಓಡುವ ಮೊದಲು ಅಜ್ಜಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಎಷ್ಟೋ ಸಲ ಹಣ ನಿಂತಿರುವುದೇ ಇಲ್ಲ, ಬೇರೆ ಖಾತೆಗೆ ಬೀಳುತ್ತಿರುತ್ತದೆ. ಆಧಾರ್ ಆಧರಿಸಿ ಬರುವ ಹಣ, ಕೊನೆಯದಾಗಿ ಯಾವ ಬ್ಯಾಂಕಿಗೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಸಂಘದ ಸಾಲಕ್ಕೆಂದು ಎಂದೋ ತೆರೆದ ಖಾತೆ ಅಜ್ಜಿಗೆ ನೆನಪಿರುವುದಿಲ್ಲ. ಕೌಂಟರಿನಲ್ಲಿ ‘ಆಧಾರ್ ಲಿಂಕ್ ಆಗಿದೆಯಾ’ ಎಂದು ಕೇಳಿದರೆ ಹೌದು ಅಂದುಬಿಡುತ್ತಾರೆ. ಕೆವೈಸಿಗೆ, ಅಂದರೆ ಗುರುತಿನ ದಾಖಲೆಯಾಗಿ, ಕೊಟ್ಟ ಆಧಾರ್ ಬೇರೆ, ಹಣ ಬೀಳಲು ಬೇಕಾದ ಜೋಡಣೆ ಬೇರೆ. ‘ಎನ್‌ಪಿಸಿಐ ಜೋಡಣೆ ಯಾವ ಬ್ಯಾಂಕಿಗೆ ಇದೆ’ ಎಂದೇ ಕೇಳಿ. ಬಹಳ ದಿನ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿದ್ದರೆ ಕೆವೈಸಿ ಹೊಸದಾಗಿ ಕೊಡಬೇಕು.

ಇವೆರಡೂ ಅಲ್ಲದಿದ್ದರೆ ತಹಶೀಲ್ದಾರ್ ಕಚೇರಿ. ಕಚೇರಿಯವರು ಪರಿಶೀಲನೆಗೆ ಬಂದಾಗ ಅಜ್ಜಿ ಮಗನ ಜೊತೆ ಹೈದರಾಬಾದಿಗೆ ಹೋಗಿದ್ದು, ‘ಊರಲ್ಲಿಲ್ಲ’ ಎಂದು ವರದಿಯಾಗಿರಬಹುದು. ಅರ್ಜಿ ಎರಡು ಪ್ರತಿ ಬರೆದು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸೀಲು ಹಾಕಿಸಿ. ಸೀಲಿಲ್ಲದ ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಮಾತು ಅಜ್ಜಿಯೇ ಆಡಲಿ, ನೀವು ಪಕ್ಕದಲ್ಲಿ ನಿಲ್ಲಿ. ಯಾರ ಕೈಯಿಂದಲೂ ಚಹಾದ ಕಾಸೂ ಬೇಡ, ದಲ್ಲಾಳಿ ಎಂಬ ಹೆಸರು ಬರಲು ಅಷ್ಟೇ ಸಾಕು.

ಪ್ರಶ್ನೆ: ಅರ್ಜಿ ಕೊಟ್ಟರೂ ಉತ್ತರ ಬರದಿದ್ದರೆ?

ಉತ್ತರ: 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ; ಬಿಪಿಎಲ್‌ನವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಒಳಗೆ. ‘ಪಿಂಚಣಿ ಏಕೆ ನಿಲ್ಲಿಸಿದಿರಿ’ ಎಂದು ಬರೆಯುವುದೇ ಸಾಮಾನ್ಯ ತಪ್ಪು. ಕಚೇರಿ ಕೊಡಬೇಕಾದ್ದು ದಾಖಲೆ, ವಿವರಣೆಯಲ್ಲ. ‘ನಿಲುಗಡೆ ಆದೇಶದ ಪ್ರತಿ, ಪರಿಶೀಲನಾ ವರದಿಯ ಪ್ರತಿ, ಕಡತದ ಟಿಪ್ಪಣಿ ಹಾಳೆಯ ಪ್ರತಿ’ ಎಂದು ಕೇಳಿ. 30 ದಿನದಲ್ಲಿ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ. ವಕೀಲರು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ.

ಪ್ರಶ್ನೆ: ಇದನ್ನು ಬೈಬಲ್ ಅಧ್ಯಯನಕ್ಕೆ ಸೇರಿಸಬಹುದೇ? ಸಭಾಪಾಲಕರು ಕೇಳುತ್ತಿದ್ದಾರೆ.

ಉತ್ತರ: ಸೇರಿಸಿ, ಆದರೆ ಮೊದಲು ನೋಟ್‌ಬುಕ್ ತೆರೆಯಿರಿ, ಆಮೇಲೆ ವಾಕ್ಯ. ಆ ವಾರ ಯಾವ ಕಾಗದ ಎಲ್ಲಿ ನಿಂತಿತು ಎಂದು ಹೇಳಿಕೊಂಡ ಮೇಲೆ, ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆನ್ನುವ ಧರ್ಮೋಪದೇಶಕಾಂಡ 24:14–15, ಬಳಿಕ ಆಮೋಸನ 5ನೇ ಅಧ್ಯಾಯ ಓದಿ. ಪಕ್ಕದಲ್ಲೇ ಸಂವಿಧಾನದ ಪೀಠಿಕೆಯೂ ಇರಲಿ. ಬರೀ ಉಪದೇಶವಾದರೆ ಹುಡುಗರು ಎರಡನೇ ವಾರವೇ ಬರುವುದಿಲ್ಲ.

ಪ್ರಶ್ನೆ: ಮತಾಂತರಕ್ಕೆ ಬಂದಿದ್ದಾರೆ ಎಂದು ಯಾರಾದರೂ ಆಕ್ಷೇಪಿಸಿದರೆ?

ಉತ್ತರ: ಅರ್ಜಿ ಬರೆಯುವ ಜಾಗದಲ್ಲಿ ಪ್ರಾರ್ಥನೆ, ಕರಪತ್ರ ಎರಡೂ ಬೇಡ. ಚರ್ಚಿನ ಬದಲು ಪಂಚಾಯಿತಿ ಕಟ್ಟೆಯ ಮೇಲೆ ಕುಳಿತುಕೊಳ್ಳಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಮುಂಚೆಯೇ ಬರವಣಿಗೆಯಲ್ಲಿ ತಿಳಿಸಿ, ಊರಿನ ಬೇರೆ ಸಮುದಾಯದ ಇಬ್ಬರು ಮೂವರನ್ನು ತಂಡಕ್ಕೆ ಕರೆಯಿರಿ. ಮೊದಲ ಹತ್ತು ಹೆಸರಿನಲ್ಲಿ ನಿಮ್ಮ ಸಭೆಯವರೇ ತುಂಬಿಕೊಂಡಿದ್ದರೆ ಪಟ್ಟಿಯನ್ನು ಹೊಸದಾಗಿ ಮಾಡಿ.