ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಇಂಜಿನಿಯರಿಂಗ್ ತರಗತಿಯಲ್ಲಿ ಏಕೆ ಮೌನ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳು ಲ್ಯಾಬ್‌ನಲ್ಲಿ ಚುರುಕಾಗಿರುತ್ತಾರೆ. ತರಗತಿಯಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಇಂಟರ್ನಲ್ಸ್‌ನಲ್ಲಿ ಅರ್ಧ ಪುಟ ಬರೆದು ಸುಮ್ಮನಾಗುತ್ತಾರೆ. ಇವರನ್ನು ಸ್ಪೋಕನ್ ಇಂಗ್ಲಿಷ್ ತರಗತಿಗೆ ಕಳುಹಿಸಬೇಕೇ, ಇಲ್ಲವೇ ನಾನೇ ಪೂರ್ತಿ ಕನ್ನಡದಲ್ಲಿ ಪಾಠ ಮಾಡಬೇಕೇ?

ಉತ್ತರ: ಲ್ಯಾಬ್‌ನಲ್ಲಿ ಚುರುಕಾಗಿದ್ದಾರೆ ಎಂದರೆ ವಿಷಯ ಅವರ ತಲೆಗೆ ಹತ್ತಿದೆ, ಅದನ್ನು ಬರೆದು ತೋರಿಸುವ ಇಂಗ್ಲಿಷ್ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಸ್ಪೋಕನ್ ಇಂಗ್ಲಿಷ್ ಇದಕ್ಕೆ ಮದ್ದಲ್ಲ. ದಿನಬಳಕೆಯ ಮಾತು ಬೇರೆ, ಶಾಸ್ತ್ರವನ್ನು ಓದಿ ಬರೆಯುವ ಭಾಷೆ ಬೇರೆ ಎಂದು ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲೇ ಗುರುತಿಸಿದ್ದರು. ಕೆನಡಾಕ್ಕೆ ವಲಸೆ ಬಂದ ಮಕ್ಕಳಲ್ಲಿ ಮೊದಲನೆಯದು ಸುಮಾರು 2 ವರ್ಷಗಳಲ್ಲಿ ಒಲಿದರೆ, ಎರಡನೆಯದಕ್ಕೆ 5ರಿಂದ 7 ವರ್ಷ ಬೇಕಾಗುತ್ತದೆ ಎಂದು ಅವರು ತೋರಿಸಿದರು. ಸುತ್ತಲೂ ಇಂಗ್ಲಿಷ್ ಕೇಳಿಸುವ ಊರಿನ ಲೆಕ್ಕ ಅದು. ನಿಮ್ಮ ವಿದ್ಯಾರ್ಥಿಗಳಿಗೆ ಸಿಕ್ಕಿರುವುದು ಪಿಯುಸಿಯ ಎರಡು ವರ್ಷ ಮಾತ್ರ. 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಪ್ರವೇಶದಲ್ಲಿ ಶೇ 5ರಷ್ಟು ಮೀಸಲಾತಿ ಇದೆ; ಆದರೆ ಸೀಟು ಕೊಟ್ಟ ಮೇಲೆ ಭಾಷೆಯ ಹೊರೆಯನ್ನೆಲ್ಲ ಆ ವಿದ್ಯಾರ್ಥಿಯ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ.

ಆದ್ದರಿಂದ ವಿಷಯದ ಭಾಷೆಯನ್ನು ವಿಷಯ ಕಲಿಸುವವರೇ, ಅಂದರೆ ನೀವೇ, ಪಾಠದೊಳಗೆ ಕಲಿಸಬೇಕು. ‘ಸ್ಟೇಟಿಂಗ್ ದಿ ಅಸಂಪ್ಷನ್ಸ್ ಮೇಡ್, ಡಿರೈವ್ ದಿ ಟಾರ್ಷನ್ ಈಕ್ವೇಷನ್’ (ಇಟ್ಟುಕೊಂಡ ಊಹೆಗಳನ್ನು ಹೇಳಿ, ತಿರುಚುವಿಕೆಯ ಸೂತ್ರವನ್ನು ಸಾಧಿಸಿ) ಎಂಬ ಪ್ರಶ್ನೆಯನ್ನೇ ನೋಡಿ. ಸೂತ್ರವನ್ನು ತಪ್ಪಿಲ್ಲದೆ ಸಾಧಿಸಿದ ವಿದ್ಯಾರ್ಥಿಯೂ ಮೊದಲ ನಾಲ್ಕು ಪದಗಳನ್ನು ಗಮನಿಸದೆ ದಾಟಿಹೋಗಿರುತ್ತಾನೆ. ಶಾಫ್ಟ್‌ನ (ತಿರುಗುವ ದಂಡದ) ಅಡ್ಡಕೊಯ್ತ ಉದ್ದಕ್ಕೂ ಒಂದೇ ಆಗಿದೆ, ಒತ್ತಡ ಸ್ಥಿತಿಸ್ಥಾಪಕ ಮಿತಿಯೊಳಗಿದೆ ಎಂಬಂಥ ಊಹೆಗಳನ್ನು ಬರೆಯದೆ ಅಂಕ ಕಳೆದುಕೊಳ್ಳುತ್ತಾನೆ. ವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಅದು ಏನೇನು ಕೇಳುತ್ತಿದೆ ಎಂದು ಬಿಡಿಸಿ ತೋರಿಸಿ, ಉತ್ತರದ ಮೊದಲ ಎರಡು ವಾಕ್ಯಗಳನ್ನು ತರಗತಿಯೊಂದಿಗೇ ಕೂಡಿ ಬರೆಯಿರಿ.

ಪೂರ್ತಿ ಕನ್ನಡದ ಪಾಠವನ್ನು ನಾನು ಸೂಚಿಸುವುದಿಲ್ಲ. ಪಠ್ಯಪುಸ್ತಕವೂ ಪ್ರಶ್ನೆಪತ್ರಿಕೆಯೂ ಇಂಗ್ಲಿಷಿನಲ್ಲಿವೆ. ಮೇಲಾಗಿ ರಾಯಚೂರಿನ ತರಗತಿಯಲ್ಲಿ ಉರ್ದು, ತೆಲುಗು ಮನೆಮಾತಿನವರೂ ಕುಳಿತಿರುತ್ತಾರೆ. ಆದರೆ ಯೋಚಿಸುವುದಕ್ಕೆ ಅವರವರ ಭಾಷೆ ಇರಲಿ. ಪ್ರಶ್ನೆ ಕೇಳಿದೊಡನೆ ಒಬ್ಬರನ್ನು ಎಬ್ಬಿಸಿ ನಿಲ್ಲಿಸದೆ, ಪಕ್ಕದವರೊಡನೆ ತಮ್ಮ ಮಾತಿನಲ್ಲಿ ಚರ್ಚಿಸಲು ಎರಡು ನಿಮಿಷ ಕೊಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಬರೆಸಿ. ಎಲ್ಲರೆದುರು ಉಚ್ಚಾರಣೆ ತಿದ್ದುವುದನ್ನು ದಯವಿಟ್ಟು ಬಿಡಿ. ಒಮ್ಮೆ ನಗೆಪಾಟಲಿಗೀಡಾದವರು ಮತ್ತೆ ಕೈ ಎತ್ತುವುದು ಕಷ್ಟ.

ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿತ್ತು. ನಿಮ್ಮ ವಿಶ್ವವಿದ್ಯಾಲಯದ ನಿಯಮವನ್ನು ವಿಚಾರಿಸಿಕೊಳ್ಳಿ. ಇಂಟರ್ನಲ್ಸ್ ಮೌಲ್ಯಮಾಪನ ಹೇಗೂ ನಿಮ್ಮ ಕೈಯಲ್ಲಿದೆ: ವಿಷಯಕ್ಕೆ ಅಂಕ ಕೊಡಿ, ವ್ಯಾಕರಣದ ದೋಷಗಳಲ್ಲಿ ಪದೇಪದೇ ಬರುವ ಒಂದನ್ನು ಮಾತ್ರ ಗುರುತು ಹಾಕಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತಡವರಿಸುವವರಿಗೆ ಕನ್ನಡದಲ್ಲೇ ಆರಂಭಿಸಲು ಹೇಳಿ, ವಿಷಯ ಸರಿಯಿದೆ ಎಂದು ತಿಳಿಸಿದ ನಂತರ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಿ.